ಮುಖವಿಲ್ಲದ ಕಾರ್ಡ್ ಹಿಡಿದು ಮುಕ್ತಿನಾಥದಿಂದ

ಹೊರಮಾವು

ನೇಪಾಳಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕಾಗಿಲ್ಲ, ಓಟಿನ ಕಾರ್ಡ್ ಇದ್ದರೆ ವಿಮಾನ ಹತ್ತಬಹುದು ಎಂದು ಟೂರ್ ಮ್ಯಾನೇಜರ್ ಶಶಿ ಹೇಳಿದ ದಿನ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಆಧಾರ್ ನಡೆಯೋದಿಲ್ಲವಂತೆ, ಓಟಿನ ಕಾರ್ಡೇ ಬೇಕಂತೆ. ನನ್ನದು ಹಳೇ ಕಾರ್ಡ್. ಕಪ್ಪು ಬಿಳುಪು ಫೋಟೋ, ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿದ ಕಾಗದ, ಹಿಂಬದಿಯಲ್ಲಿ ‘ಹೊರಮಾವು ಗ್ರಾಮ’ ಎಂದು ಅಚ್ಚಾದ ವಿಳಾಸ. ಒಂದು ಅಂಚು ಬಿಟ್ಟುಕೊಂಡಿತ್ತು, ಸೆಲ್ಲೋಟೇಪ್ ಹಚ್ಚಿದ್ದೆ.

ಹೆಂಡತಿ ವರಲಕ್ಷ್ಮಿ ಹೋದ ವರ್ಷವೇ ಬಣ್ಣದ ಫೋಟೋದ ಹೊಸ ಕಾರ್ಡ್ ಮಾಡಿಸಿಕೊಂಡಿದ್ದಳು. ನೀವೂ ಮಾಡಿಸಿ ಎಂದು ಹತ್ತು ಸಲ ಹೇಳಿದಳು. ನಾನು ಜಪ್ಪಯ್ಯ ಅನ್ನಲಿಲ್ಲ. ಹೊಸದರಲ್ಲಿ ‘ಗ್ರಾಮ’ ಇರೋದಿಲ್ಲ, ಅಡ್ಡರಸ್ತೆ ನಂಬರ್ ಇರುತ್ತದೆ. ನಮ್ಮ ರಾಗಿ ಹೊಲ ಇದ್ದ ಕಡೆ ಹದಿನಾಲ್ಕು ಮಹಡಿ ಎದ್ದು ನಿಂತಿದೆ, ಅದರ ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನನ್ನೇ ‘ಯಾರನ್ನ ನೋಡ್ಬೇಕು’ ಅಂತ ಕೇಳುತ್ತಾನೆ. ನಾನು ಊರಿನವನು ಅಂತ ಹೇಳಲು ಉಳಿದಿದ್ದು ಆ ಕಾರ್ಡೊಂದೇ. ಅದನ್ನೂ ಕೊಟ್ಟುಬಿಡಲು ಮನಸ್ಸಾಗಲಿಲ್ಲ.

ಅಪ್ಪ ಬದನೆ, ಕೊತ್ತಂಬರಿ ಬೆಳೆಯುತ್ತಿದ್ದ ಹಿತ್ತಲಿನಲ್ಲಿ ಈಗ ನಮ್ಮ ಎಂಟು ಬಾಡಿಗೆ ಮನೆಗಳಿವೆ. ನಮ್ಮೂರಿನ ಹಳೇ ಮನೆತನದವರಲ್ಲಿ ಒಂದು ಕಟ್ಟಳೆ ಇದೆ, ಎಲ್ಲೂ ಬರೆದಿಟ್ಟಿಲ್ಲ. ಬಾಡಿಗೆಯವರಿಗೆ ನೀರು ಬಿಡು, ಹಬ್ಬಕ್ಕೆ ಒಬ್ಬಟ್ಟು ಕೊಡು, ಮಗುವಿಗೆ ಜ್ವರ ಬಂದರೆ ನಿನ್ನ ಕಾರಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಓಟಿಗೆ ಬೇಕಾಗುವ ಕಾಗದ ಮಾತ್ರ ಕೊಡಬೇಡ. ಅಗ್ರಿಮೆಂಟ್ ನಿನ್ನ ಬೀರುವಿನಲ್ಲೇ ಇರಲಿ. ಮತದಾರರ ಪಟ್ಟಿಯವರು ಬಂದು ಕೇಳಿದರೆ ಖಾಲಿ ಮಾಡಿಕೊಂಡು ಹೋದರು ಅಂದುಬಿಡು. ಬಂದವರೆಲ್ಲ ಪಟ್ಟಿಗೆ ಸೇರಿಬಿಟ್ಟರೆ ನಮ್ಮೂರಿನಲ್ಲಿ ನಾವೇ ನೆಂಟರಾಗಿಬಿಡುತ್ತೇವೆ ಅನ್ನೋ ಭಯ ನಮಗೆ. ಈ ಸಲ ಭಯ ಹೆಚ್ಚೇ ಇತ್ತು. ಎಷ್ಟೋ ವರ್ಷಗಳಿಂದ ನಡೆಯದ ವಾರ್ಡ್ ಚುನಾವಣೆ ಇನ್ನೇನು ಬಂತು ಅನ್ನೋ ಸುದ್ದಿ, ನನ್ನ ತಮ್ಮ ಗೋಪಾಲ ನಿಲ್ಲಲು ಓಡಾಡುತ್ತಿದ್ದ.

ಬಾಡಿಗೆಯವರಲ್ಲಿ ಸಬಿತಾ ಎಂಬ ಹೆಣ್ಣುಮಗಳಿದ್ದಾಳೆ. ಒಡಿಶಾದವಳು, ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹೆಚ್ಚು ದಿನ ಹೊರಗೇ. ಏಳು ವರ್ಷದಿಂದ ನಮ್ಮಲ್ಲೇ ಇದ್ದಾಳೆ, ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಪಟ್ಟಿಗೆ ಹೆಸರು ಸೇರಿಸಲು ಅವಳು ಅರ್ಜಿ ಹಾಕಿದ್ದಳು. ಅದನ್ನು ಪರಿಶೀಲಿಸಲು, ನಾವು ಹೊರಡುವುದಕ್ಕೆ ಒಂದು ವಾರ ಮುಂಚೆ ವಿಮಲಾ ಮೇಡಂ ಬಂದರು. ಅದೇ ಶಾಲೆಯ ಟೀಚರ್, ನಮ್ಮ ಬೀದಿಯ ಮತದಾರರ ಪಟ್ಟಿಯ ಕೆಲಸವೂ ಅವರದೇ. ಸಬಿತಾ ಫ್ಯಾಕ್ಟರಿಗೆ ಹೋಗಿದ್ದಳು. ನಾನು ಗೇಟಿನಲ್ಲೇ ನಿಂತಿದ್ದೆ.

“ಖಾಲಿ ಮಾಡ್ಕೊಂಡ್ ಹೋದ್ರು ಮೇಡಂ,” ಅಂದೆ.

ಮೇಡಂ ನನ್ನ ಭುಜದಾಚೆ ನೋಡಿದರು. ತಂತಿಯ ಮೇಲೆ ಆ ಮಗುವಿನ ಯೂನಿಫಾರಂ ಒಣಗುತ್ತಿತ್ತು. ಅದನ್ನೊಂದು ಸಲ, ನನ್ನನ್ನೊಂದು ಸಲ ನೋಡಿ ಪುಸ್ತಕದಲ್ಲಿ ಏನೋ ಗೀಚಿಕೊಂಡು ಹೋದರು. ಅವತ್ತು ಬೆಳಿಗ್ಗೆಯಷ್ಟೇ ನಾನು ಟೀ ಅಂಗಡಿಯಲ್ಲಿ, ದೇಶದ ತುಂಬ ಬೋಗಸ್ ಓಟುಗಳಿವೆ, ಪಟ್ಟಿಯನ್ನು ಜರಡಿ ಹಿಡಿಯಬೇಕು ಅಂತ ಅರ್ಧ ಗಂಟೆ ಭಾಷಣ ಬಿಗಿದು ಬಂದಿದ್ದೆ.

ಸಂಜೆ ಸಬಿತಾ ಬಂದು, ಮೇಡಂ ಬಂದಿದ್ರಾ ಅಂಕಲ್ ಎಂದು ಕೇಳಿದಳು. ಇನ್ನೂ ಬಂದಿಲ್ಲ ಅಂದೆ. ಒಂದು ಸುಳ್ಳಿಗೆ ಇನ್ನೊಂದು. ಹೊರಡುವ ದಿನ ಅವಳು ಕೆಂಪು ಬಟ್ಟೆಯ ಪುಟ್ಟ ಗಂಟೊಂದನ್ನು ತಂದುಕೊಟ್ಟಳು. ಪುರಿ ದೇವಸ್ಥಾನದ ಪ್ರಸಾದವನ್ನು ಒಣಗಿಸಿಟ್ಟ ಅಕ್ಕಿ, ನಿರ್ಮಾಲ್ಯ ಅಂತಾರೆ. ದೂರ ಹೋಗುವಾಗ ಜೊತೆಗಿದ್ದರೆ ಒಳ್ಳೇದು ಅಂಕಲ್ ಅಂದಳು. ಅದನ್ನು ಇಸಿದುಕೊಳ್ಳುವಾಗ ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಮುಕ್ತಿನಾಥ

ಪೋಖರಾದಿಂದ ಮೇಲಿನ ರಸ್ತೆಯನ್ನು ರಸ್ತೆ ಅನ್ನಲು ಧೈರ್ಯ ಬೇಕು. ಕೆ.ಆರ್. ಪುರದ ತೂಗುಸೇತುವೆಯ ಟ್ರಾಫಿಕ್ಕಿನಲ್ಲಿ ನಿಂತು ಬೈಯುವವರು ಒಂದು ಸಲ ಇಲ್ಲಿ ಬರಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆಲ್ಲೋ ಕಾಳಿ ಗಂಡಕಿ ನದಿ, ನಡುವೆ ಜೀಪಿನ ಚಾಲಕ ಒಂದು ಕೈಯಲ್ಲಿ ಫೋನ್ ಹಿಡಿದು ಯಾವ ಅಭ್ಯರ್ಥಿ ಗೆಲ್ಲುತ್ತಾನೆ ಎಂದು ಯಾರ ಜೊತೆಗೋ ಜಗಳವಾಡುತ್ತಿದ್ದ. ಇನ್ನೆರಡು ದಿನಕ್ಕೆ ಆ ದೇಶದಲ್ಲಿ ಚುನಾವಣೆ. ಎದುರಿನಿಂದ ಬರುವ ಬಸ್ಸುಗಳ ಕಿಟಕಿಯಲ್ಲೆಲ್ಲ ಜನ. ಓಟು ಹಾಕಲು ಅವರವರ ಹುಟ್ಟೂರಿಗೇ ಹೋಗಬೇಕಂತೆ, ಇರುವ ಕಡೆ ಹಾಕುವ ಹಾಗಿಲ್ಲವಂತೆ. ಶಶಿ ಇದನ್ನು ಹೇಳಿದಾಗ ನಾನು ಹಿಂದಿನ ಸೀಟಿನಿಂದಲೇ ಭೇಷ್ ಅಂದೆ. ಇದಪ್ಪ ಕಾನೂನು, ನಮ್ಮಲ್ಲೂ ಹೀಗೇ ಇರಬೇಕಿತ್ತು ಅಂದೆ. ವರಲಕ್ಷ್ಮಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಮುಕ್ತಿನಾಥದಲ್ಲಿ ಗುಡಿಯ ಹಿಂದೆ ಅರ್ಧಚಂದ್ರಾಕಾರವಾಗಿ ನೂರೆಂಟು ನೀರಿನ ಧಾರೆಗಳಿವೆ. ಹಸುವಿನ ಮುಖದ ಬಾಯಿಂದ ಹಿಮದ ನೀರು ಸುರಿಯುತ್ತದೆ. ಎಲ್ಲದರ ಕೆಳಗೂ ಓಡಿಕೊಂಡು ಹೋಗಿ, ಆಮೇಲೆ ಮುಂದಿರುವ ಎರಡು ಕೊಳದಲ್ಲಿ ಮುಳುಗಬೇಕು. ಒಳಗೆ ಪೂಜೆಗೆ ಕೂತಿದ್ದವರು ಬೌದ್ಧ ಸನ್ಯಾಸಿನಿ, ಹೊರಗೆ ನಾಮ ಹಾಕಿಕೊಂಡ ಪುರೋಹಿತರು. ಇಬ್ಬರೂ ಒಂದೇ ಥರ್ಮಾಸಿನಿಂದ ಟೀ ಕುಡಿಯುತ್ತಿದ್ದರು. ಇದನ್ನೆಲ್ಲ ನೋಡಿ ಖುಷಿಯಾಗಿ ನಾನು ಶರ್ಟು ಬಿಚ್ಚಿ ವರಲಕ್ಷ್ಮಿಯ ಕೈಗೆ ಕೊಟ್ಟು ಓಡಿದೆ.

ನನ್ನ ಬನಿಯನ್ನಿಗೆ ಒಳಜೇಬಿರುತ್ತದೆ. ಅಪ್ಪನ ಕಾಲದಿಂದ ನಾವೆಲ್ಲ ಹೊಲಿಸಿಕೊಂಡೇ ಹಾಕೋದು, ಸಂತೆಗೆ ಹೋಗುವವರ ಅಭ್ಯಾಸ. ಮುಖ್ಯವಾದದ್ದೆಲ್ಲ ಅದರಲ್ಲೇ. ಕಾರ್ಡೂ ಅದರಲ್ಲೇ ಇತ್ತು, ಸಬಿತಾ ಕೊಟ್ಟ ಗಂಟೂ ಅದರಲ್ಲೇ ಇತ್ತು. ನೂರೆಂಟು ಧಾರೆ, ಎರಡು ಕೊಳ ಮುಗಿಸಿ, ಹಲ್ಲು ಕಟಕಟ ಅನ್ನುತ್ತಾ ಮೇಲೆ ಬಂದು ಬಟ್ಟೆ ಬದಲಾಯಿಸುವಾಗ ಕಾರ್ಡಿನ ನೆನಪಾಯಿತು.

ಬಿಟ್ಟುಕೊಂಡಿದ್ದ ಅಂಚಿನಿಂದ ನೀರು ಪೂರ್ತಿ ಒಳಗೆ ಹೋಗಿತ್ತು. ಕಾಗದ ಮುದ್ದೆಯಾಗಿತ್ತು. ಬೆರಳಿನಿಂದ ಒತ್ತಿ ಸರಿಮಾಡಲು ಹೋದೆ, ಮುಖ ಇದ್ದ ಜಾಗ ಬೂದಿ ಬಣ್ಣದ ಕಲೆಯಾಗಿ ಹರಡಿಕೊಂಡಿತು. ಹೆಸರಿನ ಮೊದಲ ಎರಡು ಅಕ್ಷರ ಉಳಿದಿತ್ತು. ಹಿಂಬದಿಯಲ್ಲಿ ‘ಗ್ರಾಮ’ ಅನ್ನೋದು ಮಾತ್ರ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಮೇಲೆ ಪುರಿಯ ಅಕ್ಕಿಕಾಳು ನಾಲ್ಕು ಅಂಟಿಕೊಂಡಿದ್ದವು.

ಮೂರನೇ ದಿನ ಕಾಠ್ಮಂಡುವಿನಿಂದ ವಿಮಾನ. ನಾನು ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ವರಲಕ್ಷ್ಮಿಗೆ ಹೇಳಲಿಲ್ಲ. ಹೇಳಿದರೆ ಅವಳು ಹೊಸ ಕಾರ್ಡಿನ ವಿಷಯ ಎತ್ತುತ್ತಾಳೆ, ಅದನ್ನು ಕೇಳುವ ಶಕ್ತಿ ಆಗ ನನಗಿರಲಿಲ್ಲ.

ಮಾರ್ಫಾ

ಚುನಾವಣೆಯ ದಿನ ಅಲ್ಲಿ ಯಾವ ವಾಹನವೂ ಓಡುವ ಹಾಗಿಲ್ಲ. ಪ್ರವಾಸಿಗರ ಗಾಡಿಗೆ ಪಾಸ್ ಸಿಗುತ್ತದೆ ಎಂದು ಶಶಿ ನಂಬಿದ್ದ. ಪಾಸೇನೋ ಬಂತು, ಅದರಲ್ಲಿ ಬೇರೆ ಯಾವುದೋ ಗಾಡಿಯ ನಂಬರಿತ್ತು. ಹೀಗಾಗಿ ಮುಕ್ತಿನಾಥದಿಂದ ಇಳಿದ ನಮ್ಮ ಗುಂಪು ಮಾರ್ಫಾ ಎಂಬ ಹಳ್ಳಿಯಲ್ಲಿ ಸಿಕ್ಕಿಬಿತ್ತು. ಸುಣ್ಣ ಬಳಿದ ಕಲ್ಲಿನ ಮನೆಗಳು, ಕಲ್ಲು ಹಾಸಿದ ಓಣಿ, ಓಣಿಯ ಕೆಳಗೆ ಗುಳುಗುಳು ಹರಿಯುವ ಚರಂಡಿ. ಸುತ್ತ ಸೇಬಿನ ತೋಟ, ಗಿಡಗಳಲ್ಲಿ ಇನ್ನೂ ಎಲೆ ಬಂದಿರಲಿಲ್ಲ. ಮಧ್ಯಾಹ್ನವಾಯಿತೆಂದರೆ ನದಿಯ ಕಡೆಯಿಂದ ಗಾಳಿ ಎದ್ದು ಬಾಗಿಲುಗಳನ್ನೆಲ್ಲ ಬಡಿಯುತ್ತದೆ.

ನಾವು ಇಳಿದುಕೊಂಡ ಲಾಡ್ಜ್ ನಡೆಸುತ್ತಿದ್ದವಳು ನನ್ನ ವಯಸ್ಸಿನ ಹೆಂಗಸು. ಎಲ್ಲರೂ ದೀದಿ ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಊಟಕ್ಕೆ ಕಪ್ಪಗಿನ ಮುದ್ದೆ ಮಾಡಿ ಹಾಕಿದಳು. ರಾಗಿಯದಲ್ಲ, ಅಲ್ಲಿಯ ಯಾವುದೋ ಧಾನ್ಯದ್ದು, ಆದರೂ ಮುದ್ದೆ ಮುದ್ದೆಯೇ. ದೀದಿ ಮುದ್ದೆಯನ್ನು ಸಾರಿಗೆ ಅದ್ದಿ ನುಂಗದೆ ಅಗಿಯುತ್ತಿದ್ದಳು, ನೋಡಿ ನನಗೆ ಸಂಕಟವಾಯಿತು. ನನ್ನ ಹಿಂದಿ ಬಾಡಿಗೆಯವರಿಂದ ಕಲಿತದ್ದು, ಮೋಟರ್ ಹಾಕು, ಕಸ ಬೇರೆ ಮಾಡು ಅನ್ನೋವರೆಗಿನ ಹಿಂದಿ. ಅದರಲ್ಲೇ ನುಂಗುವುದು ಹೇಗೆಂದು ತೋರಿಸಿಕೊಟ್ಟೆ. ಅವಳು ಒಂದು ತುತ್ತು ನುಂಗಲು ಹೋಗಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು.

ಊಟವಾದ ಮೇಲೆ ರಿಜಿಸ್ಟರ್ ತಂದಿಟ್ಟಳು. ಚುನಾವಣೆ ಅಂತ ಪೊಲೀಸರು ಎಲ್ಲ ಅತಿಥಿಗಳ ಗುರುತಿನ ಪತ್ರ ನೋಡಿ ಬರೆಯಲು ಹೇಳಿದ್ದಾರಂತೆ. ವರಲಕ್ಷ್ಮಿ ಬಣ್ಣದ ಕಾರ್ಡನ್ನು ಟಪಕ್ ಅಂತ ಮೇಜಿನ ಮೇಲಿಟ್ಟಳು. ನಾನು ನನ್ನದು ಬ್ಯಾಗಿನ ತಳದಲ್ಲಿದೆ, ಬೆಳಿಗ್ಗೆ ಕೊಡುತ್ತೇನೆ ಅಂದೆ.

ಬೆಳಿಗ್ಗೆ ಮತದಾನ. ಕುತೂಹಲ ತಡೆಯಲಾರದೆ ಒಬ್ಬನೇ ಶಾಲೆಯ ಕಡೆ ಹೋದೆ. ಸಾಲಿನಲ್ಲಿ ನಿಂತವರೆಲ್ಲ ಹಬ್ಬಕ್ಕೆ ಬಂದವರ ಹಾಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮಾತಾಡುತ್ತಿದ್ದರು. ಹೊರಗೆ ಬಂದವರ ಹೆಬ್ಬೆರಳಿನ ಉಗುರಿನ ಮೇಲೆ ಶಾಯಿ. ಕಾಂಪೌಂಡಿನ ಪಕ್ಕ ನಿಂತು ಫೋನಿನಲ್ಲಿ ಒಂದು ಫೋಟೋ ತೆಗೆದೆ. ಅಷ್ಟೇ, ಹಿಂದಿನಿಂದ ಭುಜದ ಮೇಲೆ ಕೈ ಬಿತ್ತು. ಚಿಕ್ಕ ವಯಸ್ಸಿನ ಪೊಲೀಸು. ಯಾರು ನೀನು, ಇಲ್ಲಿ ಯಾಕೆ ಫೋಟೋ, ಗುರುತಿನ ಪತ್ರ ಎಲ್ಲಿ. ಬೇರೆ ದಾರಿ ಇರಲಿಲ್ಲ. ಕರವಸ್ತ್ರ ಬಿಚ್ಚಿದೆ.

ಅವನು ಕಾರ್ಡನ್ನು ಬೆಳಕಿಗೆ ಹಿಡಿದ. ತಿರುಗಿಸಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ನನ್ನನ್ನು ಶಾಲೆಯ ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದರು. ಫೋನ್ ತೆಗೆದುಕೊಂಡರು. ಸಾಲಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅಲ್ಲಿ ನಿಂತಿದ್ದು ಹೆಚ್ಚೆಂದರೆ ಕಾಲು ಗಂಟೆ ಇರಬಹುದು. ಅಷ್ಟರಲ್ಲಿ ಬಾಡಿಗೆಯವರ ಹಿಂದಿಯೂ ಮರೆತು ಹೋಯಿತು. ಭಯವಾಯಿತು ಅಂತ ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಭಯವಾಯಿತು.

ದೀದಿ ಓಟು ಹಾಕಿ ಹೊರಗೆ ಬಂದವಳು ನನ್ನನ್ನು ನೋಡಿದಳು. ನೇರ ಬಂದಳು. ಪೊಲೀಸನ ಕೈಯಲ್ಲಿದ್ದ ಕಾರ್ಡಿನ ಕಡೆ ಕಣ್ಣೂ ಹಾಕಲಿಲ್ಲ.

“ಇವರು ನಮ್ಮ ಮನೆಯಲ್ಲಿದ್ದಾರೆ,” ಅಂದಳು. ನೇಪಾಳಿಯಲ್ಲಿ ಹೇಳಿದರೂ ನನಗೆ ಅರ್ಥವಾಯಿತು.

ಪೊಲೀಸು ರಿಜಿಸ್ಟರಿನಲ್ಲಿ ಬರೆದಿದ್ದೀಯಾ ಎಂದು ಕೇಳಿರಬೇಕು. ಅವಳು ಹೌದೆಂದು ತಲೆ ಆಡಿಸಿದಳು. ಬರೆದಿರಲಿಲ್ಲ. ನನ್ನ ಹೆಸರೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಪೊಲೀಸು ಫೋಟೋ ಅಳಿಸಿ ಫೋನ್ ವಾಪಸ್ ಕೊಟ್ಟ.

ದಾರಿಯಲ್ಲಿ ಅವಳು ಬೇರೆಯದೇ ಚಿಂತೆಯಲ್ಲಿದ್ದಳು. ಗಂಡ ಇದ್ದ ಕಾಲದಿಂದ ಓಟಿನ ಚೀಟಿಯಲ್ಲಿ ಒಂದೇ ಪಕ್ಷದ ಗುರುತಿನ ಮೇಲೆ ಸ್ವಸ್ತಿಕದ ಮುದ್ರೆ ಒತ್ತುತ್ತಿದ್ದವಳು ಈ ಸಲ ಚುನಾವಣೆಗೆ ನಿಂತ ಒಬ್ಬ ಹೊಸ ಹುಡುಗಿಯ ಗುರುತಿಗೆ ಒತ್ತಿಬಂದಿದ್ದಳು. ಗಂಡ ಏನಂದುಕೊಳ್ಳುತ್ತಾನೋ ಎಂದು ಹೆದರಿಕೆಯಾಯಿತು ಅಂದಳು. ಈ ರಸ್ತೆ ಬಂದಾಗಲೂ ಹಾಗೇ ಹೆದರಿದ್ದಳಂತೆ. ನಡೆದು ಬರುವ ಬಿಳಿಯರು ನಿಂತುಹೋದರು, ಜೀಪಿನಲ್ಲಿ ಬರುವ ನಿಮ್ಮಂಥವರು ಶುರುವಾದಿರಿ. ಅಡುಗೆ ಬದಲಾಯಿಸಿಕೊಂಡೆ ಅಂದಳು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ನಿಮ್ಮ ದೇಶದ ಕಾನೂನು ಚೆನ್ನಾಗಿದೆ, ಅವರವರ ಊರಿನಲ್ಲೇ ಅವರವರ ಓಟು ಅಂದೆ. ಅವಳು ಓಣಿಯ ನಡುವೆ ನಿಂತಳು. ಅವಳ ತೋಟದಲ್ಲಿ ಹನ್ನೆರಡು ವರ್ಷದಿಂದ ಕೆಲಸ ಮಾಡುವ ಹೆಂಗಸು ಓಟಿಗೆಂದು ಎರಡು ದಿನದ ದಾರಿ ನಡೆದು, ಬಸ್ಸು ಹಿಡಿದು ಹೋಗಿದ್ದಾಳಂತೆ, ಅಲ್ಲಿ ಅವಳ ಮನೆಯೇ ಬಿದ್ದುಹೋಗಿದೆಯಂತೆ. ಈ ಓಣಿಯ ಚರಂಡಿಯಲ್ಲಿ ಹೂಳು ತುಂಬಿದರೆ ತೆಗೆಯುವವಳು ಅವಳು. ಪೋಖರಾದಲ್ಲಿ ಮನೆ ಕಟ್ಟಿಕೊಂಡು ಹಬ್ಬಕ್ಕೂ ಬರದ ತನ್ನ ಮೈದುನ ಮಾತ್ರ ನಿನ್ನೆ ಬಂದು ಇವತ್ತು ಈ ಓಣಿಯ ಹಣೆಬರಹ ಬರೆದ. ಇದು ಚೆನ್ನಾಗಿದೆಯಾ ಅಂತ ಕೇಳಿದಳು.

ಲಾಡ್ಜಿಗೆ ಬಂದು ವರಲಕ್ಷ್ಮಿಗೂ ಶಶಿಗೂ ಕಾರ್ಡ್ ತೋರಿಸಿದೆ. ಶಶಿ ತಲೆ ಮೇಲೆ ಕೈ ಹೊತ್ತುಕೊಂಡ. ಏರ್‌ಪೋರ್ಟಿನಲ್ಲಿ ಇದು ನಡೆಯೋದಿಲ್ಲ, ಕಾಠ್ಮಂಡುವಿನಲ್ಲಿ ನಮ್ಮ ದೇಶದ ರಾಯಭಾರ ಕಚೇರಿಯಿಂದ ಪತ್ರ ಬೇಕು, ಅದಕ್ಕೆ ಮತದಾರರ ಪಟ್ಟಿಯಲ್ಲಿ ನನ್ನ ಫೋಟೋ ಇರುವ ಪುಟ, ಜೊತೆಗೆ ನಾನು ಆ ಮನೆಯಲ್ಲೇ ವಾಸವಿದ್ದೇನೆ ಎಂದು ಪಟ್ಟಿಯ ಟೀಚರ್ ಬರೆದ ಒಂದು ಚೀಟಿ ಇದ್ದರೆ ಕೇಳಿ ನೋಡಬಹುದು ಅಂದ. ಇಲ್ಲದಿದ್ದರೆ ಗುಂಪು ಹೋಗುತ್ತದೆ, ನಾನು ಉಳಿಯುತ್ತೇನೆ.

ಗೋಪಾಲನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆರು ಸಲ ಮಾಡಿದೆ. ಪಕ್ಷದ ಟಿಕೆಟ್ ವಿಷಯಕ್ಕೆ ಯಾರದೋ ಮನೆಯ ಜಗಲಿಯಲ್ಲಿ ಕೂತಿದ್ದನಂತೆ, ಫೋನ್ ಸೈಲೆಂಟು.

“ಸಬಿತಾಗ್ ಮಾಡ್ರೀ,” ಅಂದಳು ವರಲಕ್ಷ್ಮಿ.

ಬೇಡ ಅಂದೆ. ಯಾಕೆ ಬೇಡ ಅಂದಳು. ಹೇಳಿದೆ. ಗೇಟಿನಲ್ಲಿ ನಿಂತು ಮೇಡಂಗೆ ಏನು ಹೇಳಿದೆ, ಸಂಜೆ ಆ ಹುಡುಗಿಗೆ ಏನು ಹೇಳಿದೆ, ಎಲ್ಲಾ ಹೇಳಿದೆ. ವರಲಕ್ಷ್ಮಿ ಬೈದಿದ್ದರೆ ಚೆನ್ನಾಗಿತ್ತು. ನನ್ನ ಫೋನ್ ಕಿತ್ತುಕೊಂಡು ತಾನೇ ನಂಬರ್ ಒತ್ತಿ ನನ್ನ ಕಿವಿಗಿಟ್ಟಳು.

ಸಬಿತಾ ಫ್ಯಾಕ್ಟರಿಯಲ್ಲಿದ್ದಳು. ವಿಷಯ ಕೇಳಿ, ಗಾಬರಿಯಾಗ್ಬೇಡಿ ಅಂಕಲ್, ಪರ್ಮಿಷನ್ ಹಾಕಿ ಮೇಡಂ ಹತ್ರ ಹೋಗ್ತೀನಿ ಅಂದಳು. ಮೂರು ಗಂಟೆ ಕಳೆಯಿತು. ಗಾಳಿ ಎದ್ದಿತು. ಲಾಡ್ಜಿನ ವೈಫೈ ಬರುತ್ತಾ ಹೋಗುತ್ತಾ ಇತ್ತು, ನಾನು ಫೋನನ್ನು ಕಿಟಕಿಗೆ ಒರಗಿಸಿಟ್ಟು ಅದನ್ನೇ ನೋಡುತ್ತಾ ಕೂತೆ.

ಕೊನೆಗೂ ಫೋಟೋಗಳು ಬಂದವು. ಪಟ್ಟಿಯ ಪುಟ. ನನ್ನ ಫೋಟೋ, ನನ್ನ ಹೆಸರು, ಮನೆ ನಂಬರ್. ನನ್ನ ಹೆಸರಿನ ಮೇಲೆ ಮುನಿಶಾಮಪ್ಪ, ಅಂದರೆ ಅಪ್ಪ. ತೀರಿಕೊಂಡು ಒಂಬತ್ತು ವರ್ಷವಾಯಿತು. ನನ್ನ ಹೆಸರಿನ ಕೆಳಗೆ ಅಮ್ಮ, ಅವಳೂ ಇಲ್ಲ. ಹೊಸಕೋಟೆಗೆ ಮದುವೆಯಾಗಿ ಹೋದ ತಂಗಿಯೂ ಅದೇ ಮನೆಯಲ್ಲಿದ್ದಳು. ಕಳೆದ ಚುನಾವಣೆಯಲ್ಲಿ ಅಪ್ಪನ ಹೆಸರಿನ ಮುಂದೆ ಓಟು ಹಾಕಿದ ಗುರುತು ಬಿದ್ದಿತ್ತು ಎಂದು ಗೋಪಾಲ ನಗುತ್ತಾ ಹೇಳಿದ್ದು ನೆನಪಾಯಿತು. ಯಾರು ಹಾಕಿದರು ಅಂತ ಆಗ ನಾನು ಕೇಳಿರಲಿಲ್ಲ, ನಗುವಿಗೆ ನಗು ಸೇರಿಸಿದ್ದೆ. ಎರಡನೇ ಫೋಟೋ ಮೇಡಂ ಬರೆದ ಚೀಟಿ. ಇವರು ಇದೇ ಮನೆಯಲ್ಲಿ ವಾಸವಾಗಿದ್ದಾರೆ. ಕೆಳಗೆ ಸಾಕ್ಷಿ ಎಂದು ಕನ್ನಡದಲ್ಲಿ ಸಹಿ, ಸಬಿತಾ. ಅವಳಿಗೆ ಕನ್ನಡ ಬರೆಯಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹಿಂದೆಯೇ ಅವಳ ಫೋನ್ ಬಂತು. ಸಿಕ್ತಾ ಅಂಕಲ್ ಅಂದಳು. ಸಿಕ್ತಮ್ಮ ಅಂದೆ.

“ಅಂಕಲ್, ಒಂದ್ ಮಾತ್ ಕೇಳ್ಲಾ? ನಾವು ಖಾಲಿ ಮಾಡಿದೀವಿ ಅಂತ ಮೇಡಂಗೆ ಹೇಳಿದ್ರಂತೆ. ಮನೆ ಬಿಡ್ಬೇಕಾ ಅಂಕಲ್? ಬಿಡೋದಾದ್ರೆ ಪರೀಕ್ಷೆ ಮುಗಿಯೋವರ್ಗೂ ಟೈಮ್ ಕೊಡಿ. ಪಾಪು ಸ್ಕೂಲಿದೆ.”

ಓಟಿನ ವಿಷಯ ಅವಳು ಎತ್ತಲೇ ಇಲ್ಲ. ನಾನು ಒಂದು ಹೆಸರು ತಡೆದೆ ಅಂದುಕೊಂಡಿದ್ದೆ. ಅವಳು ಮನೆ ಹೋಯಿತು ಅಂದುಕೊಂಡು, ಆ ಭಯ ಹೊಟ್ಟೆಯಲ್ಲಿಟ್ಟುಕೊಂಡೇ ನನ್ನ ಕಾಗದಕ್ಕೆ ಸಹಿ ಹಾಕಿ ಕಳಿಸಿದ್ದಳು.

“ಮನೆ ಬಿಡೋದೇನೂ ಇಲ್ಲ ತಾಯಿ. ಫೋನು ಮೇಡಂಗ್ ಕೊಡು,” ಅಂದೆ.

ಮೇಡಂ ಲೈನಿಗೆ ಬಂದರು. ಹೇಳಿ ಮುನಿರಾಜಪ್ಪನೋರೇ ಅಂದರು. ಅರ್ಜಿಗೆ ಕೊನೇ ದಿನ ಯಾವಾಗ ಎಂದು ಕೇಳಿದೆ. ನಾಳೆ ಅಂದರು.

“ಆಯಮ್ಮ ಅಲ್ಲೇ ಇದಾರೆ ಮೇಡಂ. ಏಳ್ ವರ್ಷದಿಂದ ಇದಾರೆ. ನಾನು ನಿಮ್ಗೆ ಸುಳ್ಳು ಹೇಳ್ದೆ.”

ಆ ಕಡೆ ಪೆನ್ನಿನ ಟೋಪಿ ತೆಗೆದ ಸದ್ದು ಕೇಳಿಸಿತು. ಬಾಯಿಮಾತು ಸಾಲದು, ಬರೆದು ಕಳಿಸಿ, ವಾಪಸ್ ಬಂದ ಮೇಲೆ ಎದುರಿಗೆ ಸಹಿ ಹಾಕಿ ಅಂದರು. ದೀದಿಯ ರಿಜಿಸ್ಟರಿನಿಂದ ಒಂದು ಹಾಳೆ ಇಸಿದುಕೊಂಡು ಬರೆದೆ. ಇವರೆಲ್ಲ ನಮ್ಮಲ್ಲೇ ವಾಸವಿದ್ದಾರೆ ಎಂದು ಎಂಟೂ ಮನೆಯವರ ಹೆಸರು ಬರೆದೆ. ಇಬ್ಬರ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ, ವರಲಕ್ಷ್ಮಿ ಹೇಳಿದಳು.

ಗೋಪಾಲನ ಫೋನ್ ಬಂದಾಗ ಹೊತ್ತು ಮುಳುಗುತ್ತಿತ್ತು. ಅಷ್ಟರಲ್ಲೇ ಅವನಿಗೆ ಸುದ್ದಿ ಮುಟ್ಟಿತ್ತು.

“ಅಣ್ಣ, ನೀನೇ ಹಿಂಗ್ ಮಾಡಿದ್ರೆ ಊರೋರ್‌ಗೆಲ್ಲ ನಾನ್ ಯಾವ್ ಮುಖ ತೋರಿಸ್ಲಿ?”

ನನ್ನ ಕಾರ್ಡನ್ನು ನೋಡಿದರೆ ನಿನಗೆ ಗೊತ್ತಾಗುತ್ತೆ, ನನಗೆ ತೋರಿಸಲು ಮುಖವೇ ಉಳಿದಿಲ್ಲ ಅಂದೆ. ಆರು ಸಲ ಫೋನ್ ಮಾಡಿದಾಗ ಎಲ್ಲಿ ಹೋಗಿದ್ದೆ ಅಂತ ಕೂಗಾಡಿದೆ. ಅವನೂ ಕೂಗಾಡಿದ. ಎಂಟು ಮನೆಯಿಂದ ಶುರುವಾದದ್ದು ಇಡೀ ಬೀದಿಗೆ ಹರಡುತ್ತೆ, ನಾನು ಸೋತರೆ ಅದು ನಿನ್ನಿಂದ ಅಂದು ಇಟ್ಟುಬಿಟ್ಟ. ಅವನು ಹೇಳಿದ್ದು ಸುಳ್ಳೇನಲ್ಲ. ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ನಾನು. ಆ ಸಂಜೆ ದೀದಿ ಹಾಕಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟೆ.

ಕಾಠ್ಮಂಡು

ಕಚೇರಿಯಲ್ಲಿ ನಮ್ಮ ದೇಶದವರೇ ಒಬ್ಬರು, ಕನ್ನಡಕ ಹಾಕಿಕೊಂಡವರು, ಶಾಂತವಾಗಿ ಪಟ್ಟಿಯ ಪುಟವನ್ನು ನೋಡಿದರು. ಫೋಟೋದಲ್ಲಿ ಮೀಸೆ ಇದೆ, ಈಗ ಇಲ್ಲ. ಪರವಾಗಿಲ್ಲ ಅಂದರು. ತಂದೆಯ ಹೆಸರು ಕೇಳಿದರು. ಮುನಿಶಾಮಪ್ಪ ಅಂದೆ. ಅವರ ಬೆರಳು ಪುಟದ ಮೇಲೆ ಒಂದು ಸಾಲು ಮೇಲಕ್ಕೆ ಸರಿಯಿತು.

ಇದೇ ಮನೆಯಲ್ಲಿದ್ದಾರಲ್ಲ, ಅವರ ನಂಬರ್ ಕೊಡಿ, ಒಂದು ಮಾತು ಕೇಳಿಬಿಡುತ್ತೇನೆ ಅಂದರು.

ಹೊರಗೆ ಬಸ್ಸಿನಲ್ಲಿ ಗುಂಪು ಕಾಯುತ್ತಿತ್ತು, ಶಶಿ ಗಡಿಯಾರ ನೋಡುತ್ತಿದ್ದ. ತೀರಿಕೊಂಡಿದ್ದಾರೆ ಅಂದೆ. ಯಾವಾಗ ಅಂದರು. ಒಂಬತ್ತು ವರ್ಷ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂಬತ್ತು ವರ್ಷದ ಹಿಂದೆ ಸತ್ತವರು ಇರುವ ಪುಟವನ್ನು ತೋರಿಸಿ ನೀವು ಬದುಕಿರುವುದನ್ನು, ಅಲ್ಲೇ ವಾಸವಿರುವುದನ್ನು ನಾನು ಹೇಗೆ ನಂಬಲಿ ಎಂದು ಹಿಂದಿಯಲ್ಲಿ ಕೇಳಿದರು. ದನಿ ಏರಿಸಲಿಲ್ಲ. ಟೀ ಅಂಗಡಿಯಲ್ಲಿ ಬೋಗಸ್ ಪಟ್ಟಿಯ ಬಗ್ಗೆ ಭಾಷಣ ಬಿಗಿದವನಿಗೆ ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೂ ಸಹಿಸಬಹುದಿತ್ತು.

ಕೊನೆಗೆ ಅವರು ಎರಡನೇ ಕಾಗದ ತೆಗೆದುಕೊಂಡರು. ಸಾಕ್ಷಿಯ ಸಹಿ ಯಾರದು, ನಿಮ್ಮ ಸಂಬಂಧಿಕರಾ ಎಂದು ಕೇಳಿದರು. ಅಲ್ಲ, ನಮ್ಮ ಮನೆಯಲ್ಲೇ ಇರುವವರು ಅಂದೆ. ನಂಬರ್ ಒತ್ತಿ ಸ್ಪೀಕರಿಗೆ ಹಾಕಿದರು. ಹಿಂದೆ ಹೊಲಿಗೆ ಯಂತ್ರಗಳ ಸದ್ದು. ಸಬಿತಾ ಹೌದು ಸರ್, ಅಂಕಲ್ ಅಲ್ಲೇ ಇರೋದು, ಕೆಳಗಿನ ಮನೆ, ಬೆಳಿಗ್ಗೆ ಆರಕ್ಕೆ ಮೋಟರ್ ಹಾಕ್ತಾರೆ, ತುಳಸಿಗೆ ನೀರು ಹಾಕ್ತಾರೆ, ಮೊನ್ನೆ ಭಾನುವಾರ ಹೊರಟರು ಅಂದಳು. ಅವರು ನಕ್ಕರು. ಹತ್ತು ನಿಮಿಷದಲ್ಲಿ ಪತ್ರ ಕೈಗೆ ಬಂತು.

ಹೊರಮಾವು, ಮತ್ತೆ

ಬಂದ ಮಾರನೇ ದಿನ ಬೆಳಿಗ್ಗೆ ವಿಮಲಾ ಮೇಡಂ ಬಂದರು, ನನ್ನ ಸಹಿ ತೆಗೆದುಕೊಳ್ಳಲು. ಗೋಪಾಲ ಮೊದಲೇ ಬಂದು ಜಗಲಿಯ ಮೇಲೆ ಕೂತಿದ್ದ. ವರಲಕ್ಷ್ಮಿ ಮೂವರಿಗೂ ಕಾಫಿ ತಂದಿಟ್ಟಳು, ಗೋಪಾಲ ಮುಟ್ಟಲಿಲ್ಲ.

ಹೊಸ ಕಾರ್ಡಿನ ಅರ್ಜಿ ತುಂಬಿಸಿದೆ. ಅಡ್ಡರಸ್ತೆ ನಂಬರ್ ಬರೆದೆ. ಆಮೇಲೆ ಮೇಡಂ ಪಟ್ಟಿಯನ್ನು ಬಿಡಿಸಿ, ಈ ಮನೆ ನಂಬರಿನಲ್ಲಿ ಇರುವವರ ಹೆಸರು ಓದುತ್ತೇನೆ, ಇದ್ದಾರೋ ಇಲ್ಲವೋ ಹೇಳಿ ಅಂದರು.

“ಮುನಿಶಾಮಪ್ಪ?”

ಗೋಪಾಲ ತಲೆ ಎತ್ತಿ ನನ್ನನ್ನು ನೋಡಿದ. ಅಪ್ಪನ ಕೈ ಹಿಡಿದುಕೊಂಡು ನಾನು ಮೊದಲ ಸಲ ಓಟು ಹಾಕಲು ಹೋಗಿದ್ದು ನೆನಪಾಯಿತು. ಅಪ್ಪ ಆ ದಿನ ಮಡಿ ಪಂಚೆ ಉಟ್ಟಿದ್ದ.

“ಇಲ್ಲ,” ಅಂದೆ.

ಅಮ್ಮನ ಹೆಸರಿಗೂ ಇಲ್ಲ ಅಂದೆ. ತಂಗಿ ಹೊಸಕೋಟೆಯಲ್ಲಿದ್ದಾಳೆ ಅಂದೆ. ಹೆಸರು ತೆಗೆಯುವ ಮೂರು ಫಾರಂಗೂ ಸಹಿ ಹಾಕಿದೆ. ಗೋಪಾಲ ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಅಪ್ಪನ್ನ ಇನ್ನೊಂದ್ ಸಲ ಮಣ್ ಮಾಡ್ದೆ ಬಿಡು,” ಅಂದ.

“ಒಂದೇ ಸಲ ಗೋಪಾಲ,” ಅಂದೆ. “ಅವತ್ತು ಪೂರ್ತಿ ಮಾಡಿರ್ಲಿಲ್ಲ.”

ಅವನು ಗೇಟಿನವರೆಗೆ ಹೋದ. ಹೊರಗೆ ಹೋಗಲಿಲ್ಲ, ಬೆನ್ನು ಹಾಕಿಕೊಂಡು ಅಲ್ಲೇ ನಿಂತ. ಅವನು ಚುನಾವಣೆಗೆ ನಿಲ್ಲುತ್ತಾನೋ ಇಲ್ಲವೋ, ನಿಂತರೆ ಈ ಎಂಟು ಮನೆಯ ಬಾಗಿಲಿಗೆ ಬಂದು ಕೈ ಮುಗಿಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಓಟಂತೂ ಅವನಿಗೇ.

ಮೇಡಂ ಇನ್ನೊಂದು ಹಾಳೆ ಮೇಲಕ್ಕೆ ತೆಗೆದರು. ಮಾರ್ಫಾದಿಂದ ನಾನು ಕಳಿಸಿದ ಕಾಗದದ ಪ್ರಿಂಟು. ಮೊದಲ ಹೆಸರು ಓದಿದರು.

“ಸಬಿತಾ?”

“ಇದಾರೆ.”

ಮೇಡಂ ಬರೆದುಕೊಂಡರು. ಈ ಸಲ ತಂತಿಯ ಕಡೆ ನೋಡಲಿಲ್ಲ.